ಗುಡ್ಡದ ಮೇಲೆ ಆರು ಸೆಕೆಂಡು

ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಬೆಂಗಳೂರಿನ ನಮ್ಮ ಬೀದಿಗೆ ಕರೆಂಟಿನವರು ಬರುತ್ತಾರೆ. ಮಳೆ ಶುರುವಾಗುವ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನು ಕಡಿದು ಹೋಗುವುದು ಅವರ ವಾಡಿಕೆ. ನಮ್ಮ ಗೇಟಿನ ಎದುರಿಗೆ ಎರಡು ಸಿಲ್ವರ್ ಓಕ್ ಮರಗಳಿವೆ. ಕಾಫಿ ತೋಟದಲ್ಲಿ ಇರಬೇಕಾದ ಮರಗಳನ್ನು ಯಾವ ಪುಣ್ಯಾತ್ಮ ತಂದು ಇಲ್ಲಿ ನೆಟ್ಟನೋ ಗೊತ್ತಿಲ್ಲ. ಒಬ್ಬ ಮೇಲೆ ಹತ್ತಿ ಮಚ್ಚು ಬೀಸತೊಡಗಿದರೆ ಹಸಿ ಮರದ ಒಗರು ವಾಸನೆ ನಮ್ಮ ನಡುಮನೆಯೊಳಕ್ಕೂ ಬರುತ್ತದೆ. ನಾನು ಕಿಟಕಿಗಳನ್ನೆಲ್ಲ ಮುಚ್ಚಿ ಹಿಂದಿನ ಕೋಣೆಗೆ ಹೋಗಿ ಕೂರುತ್ತೇನೆ. ನನ್ನ ಹೆಂಡತಿ ಇದನ್ನು ಅಲರ್ಜಿ ಎಂದುಕೊಂಡು ಮಾತ್ರೆ ತಂದಿಟ್ಟಿದ್ದಾಳೆ. ಅವಳ ಸಮಾಧಾನಕ್ಕೆ ನುಂಗುತ್ತೇನೆ.

ಅದು ಅಲರ್ಜಿಯಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಆಗ ನಾನು ಕೋ-ಪೈಲಟ್ ಆಗಿದ್ದೆ, ಅಂದರೆ ವಿಮಾನದ ಮೂತಿಯಲ್ಲಿ ಬಲಗಡೆ ಕೂರುವವನು. ಎಡಗಡೆಯ ಸೀಟಿಗೆ, ಅಂದರೆ ಕ್ಯಾಪ್ಟನ್ ಆಗುವುದಕ್ಕೆ, ಇನ್ನು ಆರೇಳು ತಿಂಗಳು ಬಾಕಿ ಇತ್ತು. ಆ ಸೀಟಿನ ಆಸೆ ಎಂಥದ್ದೆಂದು ಬಲಗಡೆ ಕೂತು ಎಂಟು ವರ್ಷ ಕಳೆದವರಿಗೆ ಮಾತ್ರ ಗೊತ್ತು.

ನಾನು ಮಾರನಹಳ್ಳಿ ಹತ್ತಿರದ ಒಂದು ಎಸ್ಟೇಟಿನ ರೈಟರ ಮಗ. ರೈಟರ್ ಎಂದರೆ ಕತೆ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಅಪ್ಪ ಸತ್ತ ಮೇಲೆ ಕ್ವಾರ್ಟರ್ಸ್ ಬಿಟ್ಟೆವು. ಅಷ್ಟು ಹೊತ್ತಿಗೆ ಪಾರ್ವತಕ್ಕನನ್ನು ಕುಂದೂರಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ಆಮೇಲೆ ನನಗೆ ಊರು ಎಂದರೆ ಅಕ್ಕನ ಮನೆಯೇ. ಆದರೆ ಸಕಲೇಶಪುರದಿಂದ ಘಟ್ಟದ ಬಾಯಿಯ ತನಕ ಇರುವ ಒಂದೊಂದು ಗುಡ್ಡವೂ ನನಗೆ ಅಂಗೈ ಮೇಲಿನ ಗೆರೆಯಷ್ಟು ಗೊತ್ತು ಎಂಬ ಜಂಬ ಮಾತ್ರ ಹೋಗಿರಲಿಲ್ಲ. ಬೆಂಗಳೂರಿನಿಂದ ಕರಾವಳಿಗೆ ಹಾರುವ ನಮ್ಮ ವಿಮಾನ ಅದೇ ಗುಡ್ಡಗಳ ಮೇಲೆ ಹೋಗುತ್ತಿತ್ತು. ಪ್ರತಿ ಸಲವೂ ನಾನು ಬಗ್ಗಿ ನೋಡುತ್ತಿದ್ದೆ. ಪ್ರತಿ ಸಲವೂ ಪಕ್ಕದಲ್ಲಿದ್ದವರಿಗೆ ಊರುಗಳ ಹೆಸರು ಹೇಳಿ ತಲೆ ತಿನ್ನುತ್ತಿದ್ದೆ.

ಆ ಮಳೆಗಾಲದಲ್ಲಿ ಪಕ್ಕದಲ್ಲಿದ್ದವರು ಬಹುಪಾಲು ಕ್ಯಾಪ್ಟನ್ ಇನಾಮದಾರ್. ಧಾರವಾಡದವರು, ದಪ್ಪ ಮೀಸೆ, ಮೆತ್ತನೆಯ ಮಾತು. ವಿಮಾನವನ್ನು ಇಳಿಸಿದರೆ ಪ್ರಯಾಣಿಕರಿಗೆ ಗಾಲಿ ನೆಲಕ್ಕೆ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ. ನನ್ನನ್ನು ಒಮ್ಮೆಯೂ ಗದರಿದವರಲ್ಲ. ಗದರಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಕಾಕ್‌ಪಿಟ್ಟಿನಲ್ಲಿ ಒಂದು ಯಂತ್ರ ಇರುತ್ತದೆ. ವಿಮಾನದ ಹೊಟ್ಟೆಯ ಕೆಳಗಿನ ನೆಲ ಬೇಗಬೇಗ ಹತ್ತಿರವಾದರೆ ಅದು ಇಂಗ್ಲಿಷಿನಲ್ಲಿ ಕೂಗುತ್ತದೆ. ಮೊದಲು "ಟೆರೇನ್, ಟೆರೇನ್" ಎಂದು, ಅಂದರೆ ನೆಲ, ನೆಲ. ಆಮೇಲೂ ಹತ್ತಿರವಾದರೆ "ಪುಲ್ ಅಪ್" ಎಂದು, ಮೇಲಕ್ಕೆಳೆ. ಇದರ ನಿಯಮ ಬಹಳ ಸರಳ. ಹಗಲಾಗಿದ್ದು, ಮೋಡವಿಲ್ಲದೆ, ನೆಲ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಮಾತ್ರ ಅದರ ಮಾತನ್ನು ತೂಗಿ ನೋಡಬಹುದು. ಮೋಡದೊಳಗಿದ್ದಾಗ ಕೂಗಿದರೆ ಯೋಚನೆಗೆ ಜಾಗವಿಲ್ಲ. ಎಂಜಿನ್ನಿಗೆ ಪೂರ್ತಿ ಶಕ್ತಿ, ಮೂಗು ಮೇಲಕ್ಕೆ, ಮಾತುಕತೆ ಆಮೇಲೆ. ನನ್ನ ಕೈಕೆಳಗೆ ಕಲಿತ ಎಷ್ಟೋ ಹುಡುಗರಿಗೆ ಇದನ್ನು ಮೇಜು ಗುದ್ದಿ ಹೇಳಿದ್ದೇನೆ.

ಆಗಿನ ಕಾಲದ ಯಂತ್ರಕ್ಕೆ ಮುಂದೇನಿದೆ ಎಂಬುದು ತಿಳಿಯುತ್ತಿರಲಿಲ್ಲ. ಕೆಳಗೇನಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಘಟ್ಟದ ಮೇಲೆ ಇಳಿಯತೊಡಗಿದಾಗ ಯಾವುದಾದರೂ ಗುಡ್ಡ ತಟ್ಟನೆ ಎದ್ದು ಬಂದರೆ, ಅಪಾಯವಿಲ್ಲದಿದ್ದರೂ ಅದು ಕೂಗಿಬಿಡುತ್ತಿತ್ತು. ಬೇಸಿಗೆಯ ನಿಚ್ಚಳ ದಿನಗಳಲ್ಲಿ ಎಷ್ಟೋ ಸಲ ಹಾಗೆ ಕೂಗಿತ್ತು. ನಾವು ಕೆಳಗೆ ನೋಡಿ, ಗುಡ್ಡ ಎಲ್ಲೋ ಇದೆ ಎಂದು ನಕ್ಕು, ಇಳಿದುಕೊಂಡು ಹೋಗಿದ್ದೆವು. ಇನಾಮದಾರರು ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು.

"ಗಂಗಾಧರಾ, ನಿಮ್ಮೂರ ನಾಯಿ ಬೊಗಳಾಕ ಹತ್ತಿತು ನೋಡು."

ಹೀಗೆ ದಿನಾ ನಕ್ಕು ನಕ್ಕು ಒಂದು ಎಚ್ಚರಿಕೆಯನ್ನು ಮನೆಯ ನಾಯಿ ಮಾಡಿಕೊಂಡಿದ್ದೆವು. ದಾರಿಯ ಅಭ್ಯಾಸ ಎಂದರೆ ಇದೇ. ತಪ್ಪು ಒಂದೇ ದಿನ ಆಗುವುದಿಲ್ಲ.

ಜೂನ್ ಮೊದಲ ವಾರ, ಒಂದು ಮಂಗಳವಾರ. ಮಧ್ಯಾಹ್ನ ಮೂರು ಮುಕ್ಕಾಲು ಇರಬಹುದು. ಹಾಸನ ದಾಟುವಷ್ಟರಲ್ಲಿ ಎದುರಿಗೆ ಕಪ್ಪು ಮೋಡದ ರಾಶಿ. ಅದನ್ನು ತಪ್ಪಿಸಲು ದಕ್ಷಿಣಕ್ಕೆ ಸುತ್ತಿ ಬಂದೆವು. ಆ ಸುತ್ತಿನಲ್ಲಿ ನಮ್ಮ ಗಡಿಯಾರದ ಲೆಕ್ಕ ಕೆಟ್ಟಿತು. ನಿಲ್ದಾಣಕ್ಕೆ ಎಷ್ಟು ದೂರ ಎಂದು ತೋರಿಸುವ ಅಂಕಿ ಗುಡ್ಡದ ಮರೆಗೆ ಬಂದಾಗಲೆಲ್ಲ ಅಳಿಸಿಹೋಗುತ್ತಿತ್ತು. ಘಟ್ಟದ ಅಂಚು ದಾಟಿದ್ದು ಖಚಿತವಾದರೆ ಇಳಿಯಬಹುದು, ಯಾಕೆಂದರೆ ಅಲ್ಲಿಂದ ಮುಂದೆ ನೆಲ ದಬದಬನೆ ಕೆಳಗಿಳಿದು ಕರಾವಳಿಯಾಗುತ್ತದೆ. ದಾಟಿಲ್ಲವಾದರೆ ಮೇಲೇ ಇರಬೇಕು. ಎಲ್ಲವೂ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು.

"ಎಲ್ಲಿದ್ದೀವೋ?" ಎಂದು ಇನಾಮದಾರರು ಕೇಳಿದರು.

ನನ್ನ ಕಡೆಯ ಕಿಟಕಿಯ ಕೆಳಗೆ ಮೋಡದಲ್ಲಿ ಒಂದು ತೂತು ಬಿದ್ದಿತ್ತು. ಹೆದ್ದಾರಿಯ ದೊಡ್ಡ ತಿರುವು, ಅದರ ಪಕ್ಕ ಕಾಫಿ ಒಣಗಿಸುವ ಸಿಮೆಂಟಿನ ಕಣ, ಕೆಂಪು ಹೆಂಚಿನ ಸ್ಟೋರ್, ಹಿಂದೆ ಉದ್ದಕ್ಕೆ ಆಳುಗಳ ಮನೆಗಳ ಲೈನ್. ನನ್ನ ಎದೆ ಹಿಗ್ಗಿತು.

"ಮಾರನಹಳ್ಳಿ ಸರ್. ಘಟ್ಟದ ಬಾಯಿ. ದಾಟಿಬಿಟ್ವಿ."

"ಖರೇನ?"

"ಹುಟ್ಟಿ ಬೆಳೆದ ಜಾಗ ಸರ್. ಆ ಕಣದ ಮೇಲೇ ನಾನು ಸೈಕಲ್ ಕಲಿತಿದ್ದು."

ಅವರು ನಕ್ಕರು. ಕೆಳಗೆ ನಿಲ್ದಾಣದ ಕಂಟ್ರೋಲಿನವರಿಗೆ ಘಟ್ಟ ದಾಟಿದೆವೆಂದು ರೇಡಿಯೋದಲ್ಲಿ ಹೇಳಿದೆ. ಅವರು ನಮ್ಮ ಮಾತು ನಂಬಿ ಇಳಿಯಲು ಬಿಟ್ಟರು. ವಿಮಾನ ಮೂಗು ತಗ್ಗಿಸಿತು. ಮರುಗಳಿಗೆಯಲ್ಲಿ ಮೋಡದ ತೂತು ಮುಚ್ಚಿ, ಗಾಜಿನ ಮೇಲೆ ಬಿಳುಪು ಬಿಟ್ಟು ಬೇರೇನೂ ಇರಲಿಲ್ಲ.

ಒಂದು ನಿಮಿಷದೊಳಗೆ ಯಂತ್ರ ಕೂಗಿತು. "ಟೆರೇನ್, ಟೆರೇನ್."

ಇನಾಮದಾರರ ಬಲಗೈ ಎಂಜಿನ್ ಹಿಡಿಕೆಯನ್ನು ಮುಂದಕ್ಕೆ ತಳ್ಳಲು ಹೋಯಿತು. ಅದನ್ನು ನಾನು ನನ್ನ ಕಣ್ಣಿಂದ ನೋಡಿದೆ. ಅವರು ಸರಿಯಾದ್ದನ್ನೇ ಮಾಡಲು ಹೊರಟಿದ್ದರು. ಅಷ್ಟರಲ್ಲಿ ನಾನು ಬಾಯಿ ಬಿಟ್ಟೆ.

"ದಾಟಿದ್ದೀವಿ ಸರ್. ಇದು ಯಾವಾಗಲೂ ಕೂಗೋದೇ."

ಅವರ ಕೈ ಹಿಡಿಕೆಯ ಮೇಲೆ ಹಾಗೇ ನಿಂತಿತು. ಆರು ಸೆಕೆಂಡು. ಆಮೇಲೆ ವಿಮಾನದ ಟೇಪು ನೋಡಿದವರು ಎಣಿಸಿ ಹೇಳಿದ್ದು ಅದು.

"ಪುಲ್ ಅಪ್" ಎಂದು ಯಂತ್ರ ಅರಚಿದಾಗ ಅವರು ನನ್ನ ಕಡೆ ನೋಡಲೇ ಇಲ್ಲ. ಎಂಜಿನ್‌ಗಳು ಗುಡುಗಿದವು, ಸೀಟು ಬೆನ್ನಿಗೆ ಗುದ್ದಿತು. ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂದು ಜೋರಾಗಿ ಓದಿ ಹೇಳುವುದು ನನ್ನ ಕೆಲಸ. ಏಳುನೂರು ಅಡಿ ಅಂದೆ, ನಾಲ್ಕುನೂರು ಅಂದೆ, ಆಮೇಲೆ ಓದುವುದನ್ನೇ ಬಿಟ್ಟೆ. ಮುಳ್ಳು ಇನ್ನೂರಕ್ಕಿಂತ ಕೆಳಗೆ ಹೋಗಿದ್ದು ಕಂಡಿತು. ಅದೇ ಹೊತ್ತಿಗೆ ಕೆಳಗಿನ ಮಂಜು ಹರಿದು ಮರಗಳು ಕಾಣಿಸಿದವು. ಸಿಲ್ವರ್ ಓಕ್‌ಗಳು. ಅರ್ಧದಷ್ಟು ಮರಗಳ ಕೊಂಬೆ ಸವರಿಯಾಗಿತ್ತು, ಇನ್ನರ್ಧ ಹಾಗೇ ಇದ್ದವು. ಮಳೆ ಬಂದರೂ ಇವರ ಮರಗಸಿ ಇನ್ನೂ ಮುಗಿದಿಲ್ಲವಲ್ಲ ಎಂದು ಅನಿಸಿತು. ಸಾಯುವ ಹೊತ್ತಿಗೂ ರೈಟರ ಮಗನ ತಲೆಗೆ ಹೊಳೆಯುವುದು ಅದೇ.

ಮರುಕ್ಷಣ ಮತ್ತೆ ಬಿಳುಪು. ಏರಿದೆವು, ಏರುತ್ತಲೇ ಹೋದೆವು. ಹಿಂದೆ ಯಾರೋ ಹೆಂಗಸು ಜೋರಾಗಿ ಅಳುತ್ತಿದ್ದಳು. ಇನ್ಯಾರೋ ವಾಂತಿ ಮಾಡಿಕೊಂಡರಂತೆ. ಅಷ್ಟೇ. ಅರ್ಧ ಗಂಟೆಯ ಮೇಲೆ, ಸಮುದ್ರದ ಕಡೆಯಿಂದ ಸುತ್ತಿ ಬಂದು, ಗಾಲಿ ಮುಟ್ಟಿದ್ದು ಗೊತ್ತಾಗದ ಹಾಗೆ ಇಳಿದೆವು.

ಜನರೆಲ್ಲ ಇಳಿದ ಮೇಲೆ ಇನಾಮದಾರರು ಕಿವಿಯ ಹೆಡ್‌ಸೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅದು ಮಾರನಹಳ್ಳಿ ಅಲ್ಲ."

"ಅಲ್ಲ ಸರ್."

"ಮತ್ತ ಯಾವ ಊರದು?"

"ದೋಣಿಗಲ್ ಇರಬೇಕು ಸರ್."

"ಎಷ್ಟು ದೂರ ಎರಡಕ್ಕೂ?"

"ಬಸ್ಸಲ್ಲಿ ಇಪ್ಪತ್ತು ನಿಮಿಷ."

"ನಮಗ?"

"ಒಂದೂವರೆ ನಿಮಿಷ ಸರ್."

ನೆಲದ ಮೇಲೆ ನಿಂತು ಕಲಿತ ಊರನ್ನು ನಾನು ಆಕಾಶದಿಂದ ಗುರುತಿಸಲು ಹೋಗಿದ್ದೆ. ನೆಲದ ಮೇಲೆ ಒಂದೊಂದು ಎಸ್ಟೇಟಿಗೂ ಒಂದೊಂದು ಮುಖ ಇರುತ್ತದೆ. ಮೇಲಿನಿಂದ ಎಲ್ಲಕ್ಕೂ ಒಂದೇ ಕಣ, ಒಂದೇ ಸ್ಟೋರ್, ಒಂದೇ ಲೈನ್. ಆ ದಾರಿಯಲ್ಲಿ ಹಾರುತ್ತಿದ್ದ ಮುಂಬೈಯವನೋ ದೆಹಲಿಯವನೋ ಈ ತಪ್ಪು ಮಾಡುತ್ತಿರಲಿಲ್ಲ. ಗೊತ್ತಿಲ್ಲ ಸರ್, ಮೇಲೇ ಇರೋಣ ಎನ್ನುತ್ತಿದ್ದ.

ಕಾಕ್‌ಪಿಟ್ಟಿನ ಮಾತುಗಳನ್ನು ಹಿಡಿಯುವ ಟೇಪು ಆಗ ಅರ್ಧ ಗಂಟೆಯದು. ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುತ್ತದೆ. ಅಂದೇ ಸಂಜೆ ಅದೇ ವಿಮಾನವನ್ನು ಬೆಂಗಳೂರಿಗೆ ವಾಪಸು ತಂದೆವು. ಇಳಿಯುವ ಹೊತ್ತಿಗೆ ನನ್ನ ಮಾತು ಅಳಿಸಿಹೋಗಿತ್ತು. ಉಳಿದದ್ದು ಎತ್ತರ, ವೇಗಗಳ ಇನ್ನೊಂದು ಟೇಪು. ಅದರಲ್ಲಿ ಆರು ಸೆಕೆಂಡು ತಡವಾದದ್ದು ಕಾಣುತ್ತದೆ, ಯಾಕೆಂದು ಕಾಣುವುದಿಲ್ಲ.

"ವರದಿ ನಾ ಬರೀತೀನಿ" ಎಂದರು ಇನಾಮದಾರರು. "ವಿಚಾರಣೆ ಆಗತದ. ಕೇಳಿದ್ದಕ್ಕಷ್ಟ ಉತ್ತರ ಕೊಡು. ಎಡಗಡೆ ಕೂತಾಂವ ನಾನು. ಕೈ ನಂದು, ತಪ್ಪೂ ನಂದ."

ನಾನು ಬೇಡ ಸರ್ ಎನ್ನಲಿಲ್ಲ. ಅವರ ದೊಡ್ಡತನ ನನಗೆ ಆಗ ಬಹಳ ಅನುಕೂಲವಾಗಿ ಕಂಡಿತು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡು ಮಲಗಿದೆ. ನಾಲ್ಕೈದು ವಾರ ಚೆನ್ನಾಗಿ ನಿದ್ದೆಯೂ ಬಂತು.

ಜುಲೈ ನಡುವೆ ಒಂದು ಭಾನುವಾರ ಪಾರ್ವತಕ್ಕ ಕುಂದೂರಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಳು. ಮಳೆಯ ಸದ್ದಿಗೆ ಕೂಗಿ ಕೂಗಿ ಮಾತಾಡುತ್ತಿದ್ದಳು.

"ಗಂಗಾ, ಪ್ಲೇನು ಮರದ್ ತುದಿಗಂಟ ಇಳೀತದೇನೋ?"

"ಯಾಕಕ್ಕ?"

"ನಮ್ ಪಕ್ಕದೂರಲ್ಲಿ ಈರಯ್ಯ ಅಂತ ಅವ್ರೆ ಕಣೋ. ಅವ್ನೆಂಡ್ತಿ ಜಯಮ್ಮ ನಮ್ ಹೊಲಕ್ಕೆ ಬರ್ತಾಳೆ. ಪಾಪ, ದೋಣಿಗಲ್ ಕಡೆ ಎಸ್ಟೇಟಿಗೆ ಮರಗಸಿಗೆ ಹೋಗಿ ಮರದ್ ಮ್ಯಾಲಿಂದ ಬಿದ್ಬುಟ್ಟ. ಬೆನ್ನುಮೂಳೆ ಮುರ್ದೋಗೈತೆ. ಸೊಂಟದ್ ಕೆಳಗೆ ಏನೂ ಇಲ್ಲ. ಪ್ಲೇನು ಬಂದು ತಲೆ ಮ್ಯಾಲೇ ಗುಡುಗ್ತು, ಕೈ ಬುಟ್ಟೋಯ್ತು ಅಂತಾನೆ. ಊರೋರು, ಕುಡ್ದು ಬಿದ್ದವ್ನೆ, ಕತೆ ಕಟ್ತಾವ್ನೆ ಅಂತಾರೆ."

ಯಾವತ್ತು ಎಂದು ಕೇಳಿದೆ. ಯಾವತ್ತು ಎಂದು ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತು. ಅಕ್ಕ ಲೆಕ್ಕ ಹಾಕಿ, ಜೂನ್ ಮೊದಲನೇ ಮಂಗಳವಾರ ಕಣೋ, ನಮ್ಮನೇಲಿ ಬಿತ್ತನೆ ಶುರುವಾದ ದಿನ, ಎಂದಳು.

ಮರಗಸಿ ಎಂದರೆ ಕಾಫಿ ಗಿಡಗಳಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಸವರುವುದು. ಅದಕ್ಕೆ ಕುಂದೂರು, ಆಲೂರು ಕಡೆಯಿಂದ ಗಟ್ಟಿ ಆಳುಗಳು ಬರುತ್ತಾರೆ. ಅಂದು ಸಣ್ಣಗೆ ಮಳೆ ಹಿಡಿದಾಗ ಉಳಿದವರೆಲ್ಲ ಇಳಿದು ಸ್ಟೋರಿನ ಪಕ್ಕದ ತಗಡಿನ ಶೆಡ್ಡಿಗೆ ಹೋದರಂತೆ. ಇನ್ನೆರಡು ಕೊಂಬೆ ಉಳಿದಿದ್ದಕ್ಕೆ ಈರಯ್ಯ ಒಬ್ಬನೇ ಮರದ ಮೇಲಿದ್ದ. ತುದಿಯ ಕೊಂಬೆಗೆ ಹೋಗಬೇಕೆಂದು ಸೊಂಟದ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ತಗಡಿನ ಮೇಲೆ ಮಳೆ ಬೀಳುವಾಗ ಪಕ್ಕದವನ ಮಾತೇ ಕೇಳುವುದಿಲ್ಲ. ಶೆಡ್ಡಿನಲ್ಲಿದ್ದವರಿಗೆ ಗುಡುಗಿದಂತೆ ಕೇಳಿತ್ತು, ಅಷ್ಟೇ. ಜೂನ್‌ನಲ್ಲಿ ಗುಡುಗುವುದು ವಿಶೇಷವಲ್ಲ.

ಇನ್ನೊಂದು ಸಂಗತಿ ಅವನನ್ನು ಮುಳುಗಿಸಿತು. ಬಿದ್ದು ಪ್ರಜ್ಞೆ ತಪ್ಪಿದವನನ್ನು ಎಚ್ಚರಿಸಲು ಜೊತೆಯವರು ಬಾಯಿಗೆ ಬ್ರಾಂಡಿ ಬಿಟ್ಟಿರಬೇಕು, ಕೈಕಾಲಿಗೆಲ್ಲ ತಿಕ್ಕಿರಬೇಕು. ನಮ್ಮ ತೋಟಗಳಲ್ಲಿ ಯಾರು ಬಿದ್ದರೂ ಮಾಡುವ ಮೊದಲ ಉಪಚಾರ ಅದು. ಜೀಪು ಆಸ್ಪತ್ರೆ ಮುಟ್ಟುವಾಗ ಅವನ ಮೈಯೆಲ್ಲ ಬ್ರಾಂಡಿಯ ನಾತ. ಸುದ್ದಿ ಕೇಳಿ ಆಸ್ಪತ್ರೆಗೆ ಓಡಿ ಬಂದ ಹೆಂಡತಿಗೆ ಮೊದಲು ಬಡಿದದ್ದು ಅದೇ. ಉಪಚಾರ ಮಾಡಿದವರು ಬೇರೆ ಊರಿನವರು. ಸೀಸನ್ ಮುಗಿಸಿ ಚದುರಿ ಹೋದರು.

ಈರಯ್ಯ ಕೊರಳಲ್ಲಿ ಲಿಂಗ ಕಟ್ಟಿದವನು. ಹುಟ್ಟಿದಾರಭ್ಯ ಹನಿ ಮುಟ್ಟಿದವನಲ್ಲ. ಊರಿನ ಬಸವಣ್ಣನ ಗುಡಿಯಲ್ಲಿ ಸೋಮವಾರದ ಭಜನೆಗೆ ತಾಳ ಹಿಡಿದು ಮುಂದೆ ಕೂರುವವನು ಅವನೇ. ಬಿದ್ದ ಮೇಲೆ ಯಜಮಾನರು ತಾಳವನ್ನು ಇನ್ನೊಬ್ಬನ ಕೈಗೆ ಕೊಟ್ಟರು. ಕಾಲು ಹೋದದ್ದಕ್ಕಿಂತ ಅದಕ್ಕೇ ಅತ್ತ ಎಂದು ಅಕ್ಕ ಹೇಳಿದಳು.

ಶ್ರಾವಣದ ಒಂದು ಸೋಮವಾರ ಕುಂದೂರಿಗೆ ಹೋದೆ. ಯಾಕೆ ಹೋದೆ? ಹೇಳಿಬಿಡಬೇಕು ಎಂದೇ ಹೋದೆ. ಬಸ್ಸಿನಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅಕ್ಕನೊಡನೆ ಈರಯ್ಯನ ಮನೆಗೆ ಹೋದಾಗ ಅಲ್ಲಿ ಊರ ಯಜಮಾನ ನಂಜಪ್ಪನವರೂ ಇನ್ನೂ ನಾಲ್ಕು ಜನರೂ ಜಗಲಿಯ ಮೇಲೆ ಕೂತಿದ್ದರು. ಪೈಲಟ್ ಬರುತ್ತಾನೆ ಎಂದು ಅಕ್ಕ ಮೊದಲೇ ಹೇಳಿ ಕಳಿಸಿದ್ದಳಂತೆ. ಅವಳ ಲೆಕ್ಕದಲ್ಲಿ ಅದು ಈರಯ್ಯನಿಗೆ ಮಾಡುವ ಉಪಕಾರ.

ಈರಯ್ಯ ಮಂಚದ ಮೇಲೆ ದಿಂಬಿಗೆ ಒರಗಿದ್ದ. ನಲವತ್ತರ ಆಸುಪಾಸು, ಅಗಲ ಭುಜ, ಹೊದಿಕೆಯ ಕೆಳಗೆ ಕಾಲುಗಳು ಅಲುಗದೆ ಬಿದ್ದಿದ್ದವು. ನನ್ನನ್ನು ನೋಡಿ ಅವನ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಬಂದ್ರಾ ಸ್ವಾಮಿ. ನೀವೇ ಯೋಳಿ ಇವ್ರಿಗೆ. ಬೆಳ್ಳಗೆ, ಇಷ್ಟುದ್ದ, ಹೊಟ್ಟೆ ಕಾಣ್ತು ನಂಗೆ. ಗಾಳಿಗೆ ಮರಾನೇ ಬಗ್ತು. ನಾನ್ಯಾಕ್ ಸುಳ್ಳೇಳ್ಲಿ?"

ನಂಜಪ್ಪನವರು ಕೆಟ್ಟವರಲ್ಲ. ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಕೇಳಿದರು. "ನೋಡಿ ಸ್ವಾಮಿ, ನಮಗೇನ್ ಇವ್ನ್ ಮ್ಯಾಲೆ ಹಗೆ ಐತಾ? ನಿಜ ಆಗಿದ್ರೆ ಇವತ್ತೇ ತಾಳ ತಂದು ಕೊಡ್ತೀವಿ. ನೀವು ಅದನ್ನ ಓಡ್ಸೋರು. ಅಷ್ಟು ಕೆಳೀಕೆ ಪ್ಲೇನು ಬರ್ತೈತಾ?"

ಆ ಹೊತ್ತಿಗೆ ವಿಚಾರಣೆಗೆ ಹತ್ತು ದಿನ ಉಳಿದಿತ್ತು. ಇದುವರೆಗೆ ಅದು ಯಾರಿಗೂ ಏನೂ ಆಗದ ಒಂದು ತಪ್ಪು. ಕೆಳಗೆ ಒಬ್ಬನ ಬೆನ್ನು ಮುರಿದಿದೆ ಎಂದಾದರೆ ಅದೇ ಅಪಘಾತ. ಪೇಪರಿನವರು ಬರುತ್ತಾರೆ, ಮೊದಲಿನಿಂದ ಕೆದಕುತ್ತಾರೆ, ಬಲಗಡೆ ಕೂತವನು ಏನು ಹೇಳಿದ ಎಂದು ಕೇಳುತ್ತಾರೆ. ನನ್ನ ಎಡಗಡೆಯ ಸೀಟು ಕಣ್ಣ ಮುಂದೆ ಬಂತು. ನಾಚಿಕೆಯಿಲ್ಲದೆ ಬಂತು.

"ಆ ಗುಡ್ಡಗಳ ಮೇಲೆ ಇಷ್ಟು ಎತ್ತರದಲ್ಲೇ ಹೋಗಬೇಕು ಅಂತ ಕಟ್ಟುನಿಟ್ಟು ನಿಯಮ ಇದೆ" ಎಂದೆ.

"ಅದ್ಸರಿ. ಅವತ್ತು ಬಂದಿರ್ಬೋದಾ, ಇಲ್ವಾ?"

ಈರಯ್ಯ ನನ್ನನ್ನೇ ನೋಡುತ್ತಿದ್ದ. ಬಾಗಿಲ ಹತ್ತಿರ ಜಯಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಿದ್ದಳು.

"ಇಲ್ಲ. ಬರಲ್ಲ" ಎಂದೆ.

ನಂಜಪ್ಪನವರು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಈರಯ್ಯ ಜಗಳ ಆಡಲಿಲ್ಲ. ಅವನ ಮುಖದಲ್ಲಿ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಬಂದದ್ದು ಗೊಂದಲ. ತಾನು ನೋಡಿದ್ದನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಲು ಹೋಗಿ, ಸಿಗದವನ ಹಾಗೆ, ಸೂರನ್ನು ನೋಡುತ್ತ ಮಲಗಿಬಿಟ್ಟ. ಜಯಮ್ಮ ಒಳಗೆ ಹೋಗಿ ಪಾತ್ರೆಯನ್ನು ಎತ್ತಿ ಕುಕ್ಕಿದ ಸದ್ದು ಕೇಳಿತು.

ವಿಚಾರಣೆ ಆಯಿತು. ಮೂರು ಜನ ಮೇಜಿನ ಹಿಂದೆ ಕೂತಿದ್ದರು. ಆರು ಸೆಕೆಂಡು ಯಾಕೆ ತಡ ಎಂದು ಇನಾಮದಾರರನ್ನು ಕೇಳಿದಾಗ ಅವರು, ಘಟ್ಟ ದಾಟಿದ್ದೇವೆಂಬುದು ನನ್ನ ನಿರ್ಣಯ, ಅದು ತಪ್ಪಾಗಿತ್ತು, ಎಂದರು. ನನ್ನನ್ನು ಕೇಳಿದಾಗ, ಕ್ಯಾಪ್ಟನ್ ಗಮನಿಸಿ ಸರಿಯಾಗಿ ಮೇಲೆಳೆದರು, ಎಂದೆ. ಕೇಳಿದ್ದಕ್ಕಷ್ಟೇ ಉತ್ತರ. ಅವರ ಕ್ಯಾಪ್ಟನ್ ಪದವಿಯನ್ನು ಕಿತ್ತುಕೊಂಡು ಮತ್ತೆ ತರಬೇತಿಗೆ ಕಳಿಸಿದರು. ಇಪ್ಪತ್ತೈದು ವರ್ಷ ಹಾರಿದ ಮನುಷ್ಯ ದೀಪಾವಳಿಯ ಹೊತ್ತಿಗೆ ರಾಜೀನಾಮೆ ಕೊಟ್ಟು ಧಾರವಾಡಕ್ಕೆ ಹೋದರು. ಕೆಳಗೆ ಮರದ ಮೇಲೊಬ್ಬನಿದ್ದ ಎಂಬುದು ಅವರಿಗೆ ಕೊನೆಗೂ ತಿಳಿಯಲಿಲ್ಲ. ತಿಳಿದಿದ್ದರೆ ಅವರು ಅದೇ ದಿನ ಕುಂದೂರಿನ ಬಸ್ಸು ಹತ್ತುತ್ತಿದ್ದರು. ಅದಕ್ಕೇ ನಾನು ಹೇಳಲಿಲ್ಲ.

ಆ ವರ್ಷ ಮಳೆ ಅಕ್ಟೋಬರ್ ತನಕ ಸುರಿಯಿತು. ಡಿಸೆಂಬರಿನಲ್ಲಿ ನಾನು ಎಡಗಡೆಯ ಸೀಟಿನಲ್ಲಿ ಕೂತೆ.

ಹತ್ತು ವರ್ಷ ಕೂತೆ. ಹೊಸ ಯಂತ್ರಗಳು ಬಂದವು. ಅವಕ್ಕೆ ಮುಂದಿರುವ ಗುಡ್ಡವೂ ಗೊತ್ತು, ಬಣ್ಣ ಹಚ್ಚಿ ತೋರಿಸುತ್ತವೆ. ಅವು ಕೂಗಿದಾಗಲೆಲ್ಲ ನನ್ನ ಕೈ ನನಗಿಂತ ಮುಂಚೆ ಮುಂದೆ ಹೋಗುತ್ತಿತ್ತು. ಬಹಳ ಜಾಗರೂಕ ಕ್ಯಾಪ್ಟನ್ ಎಂದು ಹೆಸರು ಬಂತು. ಕೊನೆಗೆ ಒಂದು ದಿನ ರಕ್ತದೊತ್ತಡದ ನೆಪದಲ್ಲಿ ಡಾಕ್ಟರು ನನ್ನನ್ನು ನೆಲಕ್ಕೆ ಇಳಿಸಿದರು. ಕಳೆದುಕೊಳ್ಳಲು ಸೀಟೇ ಇಲ್ಲದ ಮೇಲೆ ನನಗೆ ಧೈರ್ಯ ಬಂತು. ಎಂಥ ಧೈರ್ಯ ಅದು ಎಂದು ನೀವು ಕೇಳುವುದು ಬೇಡ, ನಾನೇ ಕೇಳಿಕೊಂಡಿದ್ದೇನೆ.

ಅವರೆಕಾಯಿಯ ಕಾಲದಲ್ಲಿ ಕುಂದೂರಿಗೆ ಹೋಗಿ ಮೊದಲು ಅಕ್ಕನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದವಳು ಎದ್ದು ನಿಂತಳು.

"ಹತ್ತು ವರ್ಷ ಆ ಹೆಂಗ್ಸಿನ ಜೊತೆ ಹೊಲದಲ್ಲಿ ಕೂತು ಉಂಡಿದ್ದೀನಿ ಕಣೋ ನಾನು. ನನ್ ತಮ್ಮ ಸುಳ್ಳೇಳಲ್ಲ ಅಂತ ನಾನೇ ಅವ್ಳಿಗೆ ಹೇಳಿದ್ದೀನಲ್ಲೋ." ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಡಿ, ಈಗ್ಲೇ ನಡಿ" ಎಂದು ಚಪ್ಪಲಿ ಮೆಟ್ಟಿದಳು.

ಈರಯ್ಯ ಅದೇ ಜಗಲಿಯ ಮೇಲೆ, ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಭುಜ ಇಳಿದುಹೋಗಿತ್ತು. ಗುರುತು ಹಿಡಿದು, ಕೂತ್ಕಳಿ ಸ್ವಾಮಿ ಎಂದ. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಆ ಮಂಗಳವಾರ ನಿನ್ನ ಮೇಲೆ ಬಂದದ್ದು ನನ್ನ ವಿಮಾನ. ದಾರಿ ತಪ್ಪಿಸಿದ್ದು ನನ್ನ ಮಾತು. ಅವತ್ತು ಇಲ್ಲಿ ಬರಲ್ಲ ಅಂದದ್ದು ಸುಳ್ಳು. ನೀನು ಕುಡಿದಿರಲಿಲ್ಲ. ನಂಜಪ್ಪನವರನ್ನೂ ಊರವರನ್ನೂ ಕರೆಸು, ಎಲ್ಲರ ಮುಂದೆ ಹೇಳುತ್ತೇನೆ, ಗುಡಿಯ ಮುಂದೆ ಬೇಕಾದರೂ ಹೇಳುತ್ತೇನೆ.

ಅವನ ಬೆರಳುಗಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೂ ಮೂರ್ನಾಲ್ಕು ಕಾಯಿ ಸುಲಿದ.

"ಇಲ್ಲ ಸ್ವಾಮಿ. ನಾನು ಕುಡ್ದಿದ್ದೆ."

"ಇಲ್ಲ ಈರಯ್ಯ..."

"ಕುಡ್ದಿದ್ದೆ. ನೀವು ಹೋದ್ಮ್ಯಾಲೆ ಎರಡ್ ವರ್ಷ ಇಲ್ಲೇ ಬಿದ್ಕಂಡು ಯೋಚ್ನೆ ಮಾಡ್ದೆ. ಓದಿದೋರು, ಅದ್ರೊಳಗೇ ಕೂತು ಓಡ್ಸೋರು, ಅವ್ರು ಬರಲ್ಲ ಅಂದ್ಮ್ಯಾಲೆ ನಾನ್ ನೋಡಿದ್ದೆಲ್ಲಿಂದ ಬಂತು? ಹೆಂಡ್ತಿ, ಮೈಯೆಲ್ಲ ನಾತ ಹೊಡೀತಿತ್ತು ಅಂತಾಳೆ. ಯಾರೋ ಕೊಟ್ಟಿರ್ಬೇಕು, ಚಳೀಗೆ ಕುಡ್ದಿರ್ಬೇಕು. ಆಮ್ಯಾಲೆ ಗುಡೀಗೆ ಎತ್ಕಂಡೋಗಿ ಕೂರ್ಸಿದ್ರು. ಕುಡ್ದಿದ್ದೆ, ಸುಳ್ಳೇಳಿದ್ದೆ, ತಪ್ಪಾಯ್ತು ಅಂದೆ. ತಪ್ಪುಕಾಣಿಕೆ ಕಟ್ದೆ. ಅವತ್ತೇ ತಾಳ ಕೈಗೆ ಕೊಟ್ರು." ಅವನು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. "ಬಸವಣ್ಣನ ಮುಂದೆ ಒಪ್ಕಂಡಿದ್ದೀನಿ ಸ್ವಾಮಿ. ಈಗ ನೀವು ಬಂದು ಅದನ್ನೂ ಸುಳ್ಳು ಮಾಡ್ಬ್ಯಾಡಿ."

ಅಕ್ಕ ಕಂಬಕ್ಕೆ ಒರಗಿ ಅಳುತ್ತಿದ್ದಳು. ಜಯಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಸಂದಿಯಿಂದ ಎರಡು ಲೋಟ ಕಾಫಿಯನ್ನು ಹೊಸಿಲ ಈಚೆಗೆ ಇಟ್ಟಳು. ಅವಳ ಕೈ ಮಾತ್ರ ಕಂಡಿತು. ಕುಡಿಯದೆ ಬರುವ ಹಾಗಿರಲಿಲ್ಲ, ಕುಡಿದು ಬಂದೆ.

ಅವನ ಮಾತು ಮೀರಿ ಊರಿನಲ್ಲಿ ಯಾರಿಗೂ ಹೇಳಿಲ್ಲ. ಅವನು ಈಗಲೂ ಸೋಮವಾರ ಭಜನೆಗೆ ಹೋಗುತ್ತಾನೆ, ಇಬ್ಬರು ಎತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ ಎಂದು ಅಕ್ಕ ಹೇಳುತ್ತಿರುತ್ತಾಳೆ. ಅದಕ್ಕೇ ಇಲ್ಲಿ ಅವನ ಹೆಸರನ್ನೂ ಅವನ ಹೆಂಡತಿಯ ಹೆಸರನ್ನೂ ಬದಲಿಸಿ ಬರೆದಿದ್ದೇನೆ. ನನ್ನ ಹೆಸರನ್ನು ಬದಲಿಸಿಲ್ಲ.